ಸರಿಹೋಯ್ತು

ಸಂತೆಪೇಟೆಯಲ್ಲಿ ಇನಾಯತ್ ಸಾಬರ ರೇಡಿಯೊ ರಿಪೇರಿ ಅಂಗಡಿ.
ಅಂಗಡಿಯೆಂದರೆ ಯಾರದೋ ಮಹಡಿ ಮೆಟ್ಟಿಲ ಕೆಳಗಿನ ಗೂಡು;
ಅವರು ಕೂತರೆ ನಾನು ನಿಲ್ಲಬೇಕು,
ನಾನು ಕೂತರೆ ರೇಡಿಯೊ ಅವರ ತೊಡೆಯ ಮೇಲೆ.
ಎಂಟನೇ ಕ್ಲಾಸಿನ ಬೇಸಿಗೆ ರಜಕ್ಕೆಂದು ಸೇರಿದವನು
ಎಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆಯುವವರೆಗೂ ಅಲ್ಲೇ ಇದ್ದೆ.

ಸೀಸದ ತಂತಿ ಹಿಡಿಯುವುದು,
ಒಳಗೆ ಸಂಸಾರ ಹೂಡಿದ ಜಿರಲೆಗಳನ್ನು ಕುಂಚದಲ್ಲಿ ಗುಡಿಸುವುದು,
ಡಯಲಿನ ದಾರ ಹರಿದಿದ್ದರೆ ಹೊಸದು ಸುತ್ತುವುದು ನನ್ನ ಕೆಲಸ.
ರಾಳದ ಹೊಗೆ ಮೂಗಿಗೇರುವ ಹೊತ್ತಿಗೆ
ಸತ್ತ ಪೆಟ್ಟಿಗೆ ಗೊರ್ ಎಂದು, ಕೆಮ್ಮಿ,
ಯಾವುದೋ ಹಾಡಿನ ನಟ್ಟನಡುವೆ ಕಣ್ಣು ಬಿಡುತ್ತಿತ್ತು.
ನಾಲ್ಕು ಸಾಲು. ಹೆಚ್ಚೆಂದರೆ ಆರು.
ಸಾಬರು ತಲೆ ವಾರೆಮಾಡಿ ಕೇಳಿ
"ಆಯ್ತು, ಸರಿಹೋಯ್ತು" ಎಂದು ಟಕ್ಕನೆ ಆರಿಸುವರು.
ಗಿರಾಕಿಯ ಸೆಲ್ಲು, ಸುಮ್ಮನೆ ಖರ್ಚು ಮಾಡಬಾರದು. ಅದವರ ಈಮಾನು.

ಹೀಗಾಗಿ ನಾನು ಬಲ್ಲ ಹಾಡುಗಳಿಗೆ
ತಲೆಯಿದ್ದರೆ ಕಾಲಿಲ್ಲ.
ದೋಣಿ ಹಾಡಿನ ದೋಣಿ ಇವತ್ತಿಗೂ ನಡುನೀರಲ್ಲೇ.
ಗಂಡನ ಮನೆಗೆ ಹೊರಟವಳು
ಹೊಸಿಲಾಚೆ ಒಂದು ಕಾಲಿಟ್ಟು ನಿಂತೇ ಇದ್ದಾಳೆ.
ಜೋಗುಳದ ಕೂಸು, ಪಾಪ, ಇನ್ನೂ ಮಲಗಿಲ್ಲ.
ಒಂದು ಕೊಳಲಂತೂ
ಉಸಿರೆಳೆದುಕೊಂಡದ್ದಷ್ಟೇ ಕೇಳಿದ್ದೇನೆ.

ಕಟ್ಟಿನಕೆರೆ ಮಾರ್ಕೆಟ್ಟಿನ ಚಿಕ್ಕಣ್ಣೇಗೌಡರ ರೇಡಿಯೊ ಬಿಚ್ಚಿದಾಗ
ಅಂಗೈಯಷ್ಟು ಕೆಮ್ಮಣ್ಣು ಉದುರಿತ್ತು.
ಅದರಿಂದ ಹೊರಟ ವಿರಹದ ಹಾಡು ಯಾರು ಗುನುಗಿದರೂ
ನನಗೆ ಹಸಿ ಆಲೂಗೆಡ್ಡೆಯ ವಾಸನೆ.
ಅಜ್ಜಿ ಹೋದಳೆಂದು ಅಕ್ಕ
ಬೇರೆ ಬೇರೆ ಚಪ್ಪಲಿ ಮೆಟ್ಟಿ ಓಡಿಬಂದ ಗಳಿಗೆಯಲ್ಲಿ
ಕುಡುಕನೊಬ್ಬನ ತಮಾಷೆ ಹಾಡು ಬರುತ್ತಿತ್ತು.
ಮದುವೆಮನೆಗಳಲ್ಲಿ ಅದನ್ನು ಹಾಕಿದರೆ ಎಲ್ಲ ನಗುತ್ತಾರೆ,
ನಾನು ಅವರ ಕಾಲು ನೋಡುತ್ತೇನೆ.

ಮೇಲಿನ ಹಲಗೆಯಲ್ಲೊಂದು ಮರದ ರೇಡಿಯೊ. ಚೀಟಿಯಲ್ಲಿ:
ತೀರ್ಥಮ್ಮ, ಆಲೂರು. ಮಾತು ನಿಂತಿದೆ. ಹನ್ನೆರಡು ರೂಪಾಯಿ.
ಮೂರು ವರ್ಷ ಯಾರೂ ಬರಲಿಲ್ಲ.
ಕೊಳ್ಳಲು ಬಂದವರನ್ನು ಸಾಬರು ಬೈದು ಕಳಿಸಿದರು.

ಒಂದು ಸಂಜೆ ಬಂದಳು. ನರೆತ ತುರುಬು, ಕಂಕುಳಲ್ಲಿ ಕೊಡೆ.
"ಐತಾ ಸ್ವಾಮಿ?" ಅಂದಳು, ಅಷ್ಟೆ. ಇಷ್ಟು ದಿನ ಎಲ್ಲಿದ್ದಳೆಂದು
ಸಾಬರು ಕೇಳಲಿಲ್ಲ, ತಮ್ಮದೇ ಸೆಲ್ಲು ಹಾಕಿದರು.
ಹಾಡು ಆಗಷ್ಟೇ ಶುರುವಾಗುತ್ತಿತ್ತು.
ಪಲ್ಲವಿ ಮುಗಿಯಿತು. ಸಾಬರ ಕೈ ತಿರುಪಿನ ತನಕ ಹೋಗಿ
ಅಲ್ಲೇ ಕೂತಿತು, ಗೋಡೆಗೆ ಹಲ್ಲಿ ಕೂತಂತೆ.
ಎರಡನೆಯ ಚರಣ. ಮೂರನೆಯದು.
ಬಡ್ಡಿ ಲೆಕ್ಕ ಒಪ್ಪಿಸಿಕೊಳ್ಳುವವಳ ಹಾಗೆ
ಅವಳು ಒಂದೊಂದು ಸಾಲಿಗೂ ತಲೆಯಾಡಿಸುತ್ತಿದ್ದಳು.
ಆಲೂರಿನ ಬಸ್ಸು ಹೋಗಿಯೇ ಬಿಟ್ಟಿತು.
"ನಿಂತೋದಾಗ ಇದ್ನೇ ಹಾಡ್ತಿತ್ತು" ಅಂದಳು ಕೊನೆಗೆ,
ಸೆರಗಿನ ಗಂಟು ಬಿಚ್ಚಿ ಹನ್ನೆರಡು ರೂಪಾಯಿ ಎಣಿಸುತ್ತ,
ಎಂಟಾಣೆ ಜಾಸ್ತಿಯೇ ಎಣಿಸಿ.

ಅವಳು ಹೋದಮೇಲೆ ಸಾಬರು ಮೂಗೊರೆಸಿಕೊಂಡು
"ಅವ್ರ ಹತ್ರ ಇರೋದೇ ಹತ್ತು ರೆಕಾರ್ಡು ಕಣೋ,
ತಿರುಗಾ ಮುರುಗಾ ಅದೇ ಬತ್ತದೆ" ಅಂದರು.

ನನಗೆ ಪೂರ್ತಿ ಬರುವುದು ಅದೊಂದೇ ಹಾಡು.
ಇಷ್ಟದ್ದು ಯಾವುದೆಂದರೆ, ಆ ದೋಣಿಯದು.

ಮೊನ್ನೆ ಮಗಳು ಫೋನಿನಲ್ಲಿ ಅದನ್ನು ಹುಡುಕಿಕೊಟ್ಟಳು.
"ಫುಲ್ ಸಾಂಗ್ ಅಪ್ಪಾ, ಐದು ನಿಮಿಷ" ಎಂದು ನನ್ನೆದುರೇ ಕೂತಳು.
ಹುಟ್ಟಿನ ಸದ್ದು ಬಂತು, ಹೆಂಗಸಿನ ದನಿ ಬಂತು,
ನನಗೆ ಗೊತ್ತಿದ್ದ ನಾಲ್ಕು ಸಾಲು ಕಳೆದು
ನೀರು ತೆಳ್ಳಗಾಗುವ ಜಾಗ ಬಂತು.
ಎಲ್ಲಿಂದಲೋ ರಾಳದ ಹೊಗೆ.
ಹೆಬ್ಬೆರಳು ನನ್ನನ್ನೊಂದು ಮಾತೂ ಕೇಳಲಿಲ್ಲ.

"ಯಾಕಪ್ಪಾ, ಚೆನ್ನಾಗಿಲ್ವಾ?"
ಚೆನ್ನಾಗಿದೆ ಮಗಾ. ಸೆಲ್ಲು ಯಾಕೆ ಸುಮ್ಮನೆ.